ಡೈರಿ ಪುಸ್ತಕದಲ್ಲಿ ಬ್ಯಾಸ್ಕೆಟ್‌ಬಾಲ್ ಲೆಕ್ಕ

ಹೋದ ಸಲ ಹಿತಕಿದವರೆ ಸಾರಿನ ಬಗ್ಗೆ ಬರೆದಿದ್ದಕ್ಕೆ ಎಷ್ಟೊಂದು ಜನ ಮಾತಾಡಿಸಿದ್ರಿ. ವಿಜಯಪುರದ ಅತ್ತಿಗೆ ಅಂತೂ ಫೋನ್ ಮಾಡಿ, "ಗಸಗಸೆ ಹಾಕೋದೇ ಬರ್ದಿಲ್ವಲ್ಲೇ" ಅಂತ ಬೈದ್ರು. ಹೌದು ಅತ್ತಿಗೆ, ಮರ್ತಿದ್ದೆ. ಈ ಸಲ ಅಡಿಗೆ ಇಲ್ಲ, ಬ್ಯಾಸ್ಕೆಟ್‌ಬಾಲು. ನಗಬೇಡಿ, ಪೂರ್ತಿ ಓದಿ.

ಹೊಸದಾಗಿ ಓದೋರಿಗೆ ಒಂದು ಮಾತು. ನಮ್ಮದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ, ಹಾಸನ ಜಿಲ್ಲೇದಲ್ಲ. ಒಂದ್ಸಲ ಮಗಳಿಗೆ ತರಿಸಿದ ಶೂ ಹಾಸನದ ಕಡೆಗೆ ಹೋಗಿ, ಹನ್ನೆರಡು ದಿನ ಸುತ್ತಾಡಿ ವಾಪಸ್ ಬಂತು. ಆ ಶೂನಿಂದಲೇ ಈ ಕತೆ ಶುರು.

ಮಗಳು ಈಗ ಎರಡನೇ ಪಿಯುಸಿ. ದೇವನಹಳ್ಳಿಗೆ ಬಸ್ಸಲ್ಲಿ ಹೋಗಿ ಬರ್ತಾಳೆ. ಎತ್ತರ ಅವರಪ್ಪನ ಕಡೇದು. ಕಾಲೇಜಿನ ಪಿ.ಟಿ. ಮೇಷ್ಟ್ರು ಅದನ್ನ ನೋಡೇ ಬಾಲು ಕೈಗೆ ಕೊಟ್ರಂತೆ. ಸಾಯಂಕಾಲ ಪ್ರಾಕ್ಟೀಸು ಮುಗಿಸಿ ಅವಳು ಮನೆ ಸೇರೋವಷ್ಟರಲ್ಲಿ ಕತ್ಲಾಗಿರ್ತದೆ. ನಮ್ಮ ಮನೆಯವ್ರು ಡೈರಿಗೆ ಹಾಲು ಹಾಕಿ, ಹಂಗೇ ಬಸ್‌ಸ್ಟಾಪಲ್ಲಿ ನಿಂತು ಕರ್ಕೊಂಡು ಬರ್ತಾರೆ. ಒಂದು ವರ್ಷ ಹಿಂಗೇ ನಡೀತು, ಯಾರೂ ಏನೂ ಅನ್ಲಿಲ್ಲ.

ಆಮೇಲೆ ಒಂದು ಮ್ಯಾಚು. ನಮ್ಮ ಮನೆಯವ್ರು ಅವತ್ತು ವಿಜಯಪುರಕ್ಕೆ ಗೂಡು ಹಾಕೋಕೆ ಹೋದೋರು, ಹಂಗೇ ನೋಡೋಣ ಅಂತ ಹೋದ್ರು. ಮಗಳ ಟೀಮು ಗೆದ್ದಿತು. ಆದ್ರೂ ಇವ್ರು ಮುಖ ಗಂಟಿಕ್ಕೊಂಡೇ ಬಂದ್ರು. ಆಟ ಮುಗಿದ ಮೇಲೆ ಮೇಜಿನ ಹತ್ರ ಹೋಗಿ ಸ್ಕೋರ್ ಹಾಳೆ ಇಸ್ಕೊಂಡು ನೋಡಿದ್ರಂತೆ. ಆ ಹಾಳೇಲಿ ಬರೆಯೋದು ಎರಡೇ ಸಂಗತಿ: ಯಾರು ಎಷ್ಟು ಪಾಯಿಂಟ್ ಹಾಕಿದ್ರು, ಯಾರು ಎಷ್ಟು ಫೌಲ್ ಮಾಡಿದ್ರು. ನಮ್ಮ ಮಗಳ ಹೆಸರಿನ ಮುಂದೆ ಇದ್ದಿದ್ದು ಎರಡು ಪಾಯಿಂಟು, ನಾಲ್ಕು ಫೌಲು.

"ವರ್ಷವೆಲ್ಲಾ ಕತ್ಲಲ್ಲಿ ಬಸ್‌ಸ್ಟಾಪ್ ಕಾದಿದ್ದು ಒಂದು ಸಲ ಬುಟ್ಟಿಗೆ ಹಾಕೋಕಾ?" ಅಂದ್ರು ಊಟಕ್ಕೆ ಕೂತಾಗ. "ಎರಡನೇ ಪಿಯುಸಿ. ಓದ್ಕೊಳ್ಳಲಿ. ಈ ತಿಂಗಳಿಗೆ ಸಾಕು ಮಾಡ್ಲಿ."

ಮಗಳು ತಟ್ಟೇಲೇ ಕೈ ತೊಳೆದು ಎದ್ದು ಹೋದ್ಲು. ಅರ್ಧ ಮುದ್ದೆ ಹಂಗೇ ಇತ್ತು. ನಮ್ಮತ್ತೆ, "ಹೆಣ್ಮಗು ಊಟ ಬಿಟ್ಟು ಏಳೋ ಹಂಗೆ ಮಾತಾಡ್ಬಾರ್ದಪ್ಪ" ಅಂದ್ರು. ಆಟ ಬೇಕು ಅಂತ್ಲೂ ಅನ್ಲಿಲ್ಲ, ಬೇಡ ಅಂತ್ಲೂ ಅನ್ಲಿಲ್ಲ.

ನನಗೆ ಮಾತಾಡೋಕೆ ಏನೂ ಇರ್ಲಿಲ್ಲ. ಎರಡು ಪಾಯಿಂಟ್ ಅಂದ್ರೆ ಎರಡೇ ಅಲ್ವಾ? ಲೆಕ್ಕದಲ್ಲಿ ನಮ್ಮ ಮನೆಯವ್ರನ್ನ ಸೋಲ್ಸೋಕೆ ಆಗಲ್ಲ. ಗೂಡಿನ ಮಾರ್ಕೆಟ್ಟಲ್ಲಿ ಕೇಜಿಗೆ ಇಷ್ಟು ಅಂತ ಕೂಗೋವಷ್ಟರಲ್ಲಿ ಒಟ್ಟು ದುಡ್ಡು ಬಾಯಲ್ಲಿ ಹೇಳ್ಬಿಡ್ತಾರೆ. ನಮ್ಮ ಹೋಬಳಿ ಜನಕ್ಕೆ ಅಂಕಿ ಅಂದ್ರೆ ಮೊದಲಿಂದ್ಲೂ ಭಯ, ಭಕ್ತಿ ಎರಡೂ. ಭೂಮಿ ಹೋರಾಟದ 1,777 ಎಕರೆ, 1,198 ದಿನ ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ಎರಡು ದಿನ ಬಿಟ್ಟು ನಮ್ಮಕ್ಕನ ಮಗ ಫೋನ್ ಮಾಡಿದ. ಅವನು ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅನ್ನೋ ಟೀಮಿನ ಹುಚ್ಚು ಅವನಿಗೆ. ಮಾತಿಗೆ ಮಾತು ಬಂದು ಇದನ್ನ ಹೇಳ್ದೆ. "ಚಿಕ್ಕಮ್ಮ, ಪಾಯಿಂಟ್ ಒಂದನ್ನೇ ನೋಡಿದ್ರೆ ಹೆಂಗೆ? ಒಂದು ಹಾಳೆ ಕಳಿಸ್ತೀನಿ. ಕೊನೇ ಸಾಲು ನೋಡ್ಬೇಡ, ಮೊದಲು ಮಧ್ಯದ್ದು ನೋಡು" ಅಂದ.

ಅವನು ಕಳಿಸಿದ್ದು 2017ರ ಫೆಬ್ರವರಿ 10ರ ಒಂದು ಮ್ಯಾಚಿನ ಲೆಕ್ಕ. ವಾರಿಯರ್ಸು 122, ಮೆಂಫಿಸ್ ಗ್ರಿಜ್ಲೀಸು 107. ಬಾಕ್ಸ್ ಸ್ಕೋರ್ ಅಂತಾರಂತೆ ಇದಕ್ಕೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಅಡ್ಡ ಸಾಲು, ಮೇಲೆ ಹದಿನೈದಕ್ಕೆ ಹತ್ತಿರ ಕಾಲಮ್ಮು. ಮೊದಲನೇ ಸಲ ನೋಡಿದಾಗ ಕಣ್ಣು ಕತ್ತಲೆ ಬಂತು. ಎರಡನೇ ಸಲ ನೋಡಿದಾಗ, ಅಯ್ಯೋ, ಇದು ನಮ್ಮ ಡೈರಿ ಚೀಟಿ ಥರಾನೇ ಐತಲ್ಲ ಅನ್ನಿಸ್ತು.

ನೀವೆಲ್ಲ ಡೈರಿಗೆ ಹಾಲು ಹಾಕೋರೇ. ಚೀಟೀಲಿ ಲೀಟರ್ ಒಂದೇ ಇರಲ್ಲ. ಫ್ಯಾಟ್ ಇರ್ತದೆ, ಎಸ್‌ಎನ್‌ಎಫ್ ಇರ್ತದೆ. ಎಂಟು ಲೀಟರ್ ಹಾಕಿದೋಳಿಗಿಂತ ಏಳು ಲೀಟರ್ ಹಾಕಿದೋಳಿಗೆ ದುಡ್ಡು ಜಾಸ್ತಿ ಬಂದಿದ್ದು ನಾವು ನೋಡಿಲ್ವಾ? ಹಾಲು ಮಂದ ಇತ್ತು, ಅಷ್ಟೇ. ಪಾಯಿಂಟು ಅನ್ನೋದು ಲೀಟರು. ಒಳಗೆ ಏನೈತೆ ಅನ್ನೋಕೆ ಬೇರೆ ಕಾಲಮ್ ಬೇಕು.

ಬಾಲು ಬುಟ್ಟಿಗೆ ಬೀಳದೆ ಹೊರಕ್ಕೆ ಚಿಮ್ಮಿದಾಗ ಅದನ್ನ ಹಿಡ್ಕೊಳ್ಳೋದು ರೀಬೌಂಡು. ತಾನು ಹಾಕದೆ, ಸರಿಯಾದ ಜಾಗದಲ್ಲಿ ನಿಂತಿರೋ ಇನ್ನೊಬ್ಬಳಿಗೆ ಕೊಟ್ಟು, ಅವಳು ಹಾಕಿದ್ರೆ ಕೊಟ್ಟವಳಿಗೆ ಅಸಿಸ್ಟು. ಎದುರಾಳಿ ಕೈಯಿಂದ ಕಿತ್ಕೊಂಡ್ರೆ ಸ್ಟೀಲು. ಎದುರಾಳಿ ಎಸೆದಿದ್ದನ್ನ ದಾರೀಲೇ ತಡೆದ್ರೆ ಬ್ಲಾಕು. ಅವತ್ತು ವಾರಿಯರ್ಸಿನ ಡ್ರೇಮಂಡ್ ಗ್ರೀನ್ ಅನ್ನೋನ ಸಾಲು ನೋಡಿ: ರೀಬೌಂಡು 12, ಅಸಿಸ್ಟು 10, ಸ್ಟೀಲು 10, ಬ್ಲಾಕು 5. ಪಾಯಿಂಟು ಬರೀ 4.

ಮೂರು ಕಾಲಮ್ಮಲ್ಲಿ ಹತ್ತು ಮುಟ್ಟೋದಕ್ಕೆ ಟ್ರಿಪಲ್ ಡಬಲ್ ಅಂತ ಹೆಸರು. ಎನ್‌ಬಿಎ ಚರಿತ್ರೇಲೇ ಪಾಯಿಂಟ್ ಹತ್ತು ಮುಟ್ಟದೆ ಅದನ್ನ ಮಾಡಿದ ಮೊದಲನೆಯವನು ಇವನೇ. ನಮ್ಮ ಮನೆಯವ್ರು ಆ ಮೇಜಿನ ಹತ್ರ ನಿಂತಿದ್ರೆ, "ನಾಲ್ಕು ಪಾಯಿಂಟ್ ಹಾಕೋಕೆ ಅಮೇರಿಕಾದಲ್ಲಿ ಸಂಬಳ ಬೇರೆ ಕೇಡು" ಅಂತಿದ್ರು.

ಆ ರಾತ್ರಿ ಅಕ್ಕನ ಮಗ ಇನ್ನೊಂದು ಹಳೇ ಲೆಕ್ಕ ಕಳಿಸ್ದ. ಇದನ್ನಂತೂ ನಾನು ಕೂಡಿಸಿ ಕಳೆದು ನೋಡಿ ಕೂತ್ಕೊಂಡ್ಬಿಟ್ಟೆ. 1962ರ ಮಾರ್ಚ್ 2. ವಿಲ್ಟ್ ಚೇಂಬರ್ಲಿನ್ ಅನ್ನೋ ಆಟಗಾರ ಒಂದೇ ಮ್ಯಾಚಲ್ಲಿ 100 ಪಾಯಿಂಟ್ ಹಾಕಿದ್ದ. ಹರ್ಷಿ ಅಂತ ಪೆನ್ಸಿಲ್ವೇನಿಯಾದಲ್ಲಿ ಒಂದು ಊರು, ಚಾಕೊಲೇಟ್ ಮಾಡೋ ಊರು. ಫಿಲಡೆಲ್ಫಿಯಾ 169, ನ್ಯೂಯಾರ್ಕ್ 147. ಅವನು 63 ಸಲ ಎಸೆದು 36 ಹಾಕಿದ್ದ. ಆವಾಗ ದೂರದಿಂದ ಹಾಕಿದ್ರೆ ಮೂರು ಅನ್ನೋ ನಿಯಮವೇ ಇರ್ಲಿಲ್ಲ, ಎಲ್ಲಕ್ಕೂ ಎರಡೇ. 36 ಎರಡ್ಲಿ 72. ಫೌಲಿಗೆ ಸಿಕ್ಕಿದ ಬಿಡಿ ಹೊಡೆತ 32ರಲ್ಲಿ 28. ಎಪ್ಪತ್ತೆರಡೂ ಇಪ್ಪತ್ತೆಂಟೂ ನೂರು. ಸರಿಹೋಯ್ತು! ಡೈರಿ ಬಟವಾಡೆ ದಿನ ಲೆಕ್ಕ ಸರಿಹೋದ್ರೆ ಆಗೋ ಸಮಾಧಾನವೇ ಆಯ್ತು ನಂಗೆ.

ಆ ಆಟ ಟಿ.ವಿ.ಲಿ ಬರ್ಲಿಲ್ಲ. ಅದರ ಫಿಲ್ಮು ಎಲ್ಲೂ ಇಲ್ಲ. ನೋಡಿದೋರು ನಾಲ್ಕು ಸಾವಿರ ಚಿಲ್ಲರೆ ಜನ. ಉಳಿದಿರೋದು ರೇಡಿಯೋದ ಒಂದಿಷ್ಟು ಧ್ವನಿ, ಈ ಲೆಕ್ಕದ ಹಾಳೆ, ಆಮೇಲೆ ಒಂದು ಫೋಟೋ. ಹಾರ್ವಿ ಪೊಲ್ಯಾಕ್ ಅಂತ ಲೆಕ್ಕ ಬರೆಯೋ ಮನುಷ್ಯ ಒಂದು ಕಾಗದದ ಮೇಲೆ ಕೈಯಲ್ಲೇ 100 ಅಂತ ಗೀಚಿ ಕೊಟ್ನಂತೆ. ಅಷ್ಟು ದೊಡ್ಡ ಆಳು ಆ ಚೀಟಿ ಹಿಡ್ಕೊಂಡು ಮಗು ಥರ ಕೂತವ್ನೆ. ಎನ್‌ಬಿಎ 1946ರಲ್ಲಿ ಶುರುವಾದಾಗಿಂದ 2015ರಲ್ಲಿ ಸಾಯೋವರೆಗೂ ಆ ಪೊಲ್ಯಾಕ್ ಲೆಕ್ಕದ ಕೆಲಸದಲ್ಲೇ ಇದ್ದನಂತೆ. ಅವನ ಮೇಲೆ ನಂಗೆ ಆಟಗಾರನಿಗಿಂತ ಜಾಸ್ತಿ ಅಭಿಮಾನ ಬಂತು.

ಇನ್ನೊಂದು ತಮಾಷೆ. ಚೇಂಬರ್ಲಿನ್ನಿಗೆ ಬಿಡಿ ಹೊಡೆತ ಅಂದ್ರೆ ಆಗ್ತಿರ್ಲಿಲ್ಲ. ಆ ವರ್ಷ ಎರಡೂ ಕೈಯಲ್ಲಿ ಬಾಲನ್ನ ಮೊಣಕಾಲ ಹತ್ರದಿಂದ ಮೇಲಕ್ಕೆ ತೂರೋದು ಅಭ್ಯಾಸ ಮಾಡಿದ್ದ. ಅದನ್ನ ಅಲ್ಲಿ ಅಜ್ಜಿ ಹೊಡೆತ ಅಂತ ನಗ್ತಾರೆ. ಆ ಅಜ್ಜಿ ಹೊಡೆತದಲ್ಲೇ ಅವತ್ತು 28 ಬಿದ್ದಿದ್ದು. ಆಮೇಲೆ ಹೆಂಗಸರ ಥರ ಕಾಣ್ತೀನಿ ಅಂತ ನಾಚ್ಕೊಂಡು ಬಿಟ್ಬಿಟ್ಟನಂತೆ. ಬಿಟ್ಟ ಮೇಲೆ ಹೊಡೆತ ಕೆಟ್ಟೋಯ್ತು. ನಮ್ಮತ್ತೆಗೆ ಇದನ್ನ ಹೇಳಿದ್ರೆ, "ಗಂಡಸರ ಬುದ್ಧಿ ಎಲ್ಲಾ ಕಡೆ ಒಂದೇ ಕಣೆ" ಅಂತ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಆದ್ರೆ ಆ ಹಾಳೇಲಿ ನನ್ನನ್ನ ತಡೆದಿದ್ದು ಬೇರೆ. ಬ್ಲಾಕ್ ಅನ್ನೋ ಕಾಲಮ್ಮೇ ಅದರಲ್ಲಿ ಇಲ್ಲ. ಏಳಡಿ ಆಳು, ಎದುರಾಳಿಗಳು ಎಸೆದಿದ್ದನ್ನ ಎಷ್ಟು ಸಲ ತಡೆದಿರಬೇಕು! ಕೇಳಿದ್ರೆ ಅಕ್ಕನ ಮಗ ಹೇಳ್ದ: ಎನ್‌ಬಿಎದಲ್ಲಿ ಸ್ಟೀಲು, ಬ್ಲಾಕು ಎರಡನ್ನೂ ಲೆಕ್ಕ ಇಡೋಕೆ ಶುರು ಮಾಡಿದ್ದೇ 1973-74ರಿಂದ. ಚೇಂಬರ್ಲಿನ್ ಆಟ ಬಿಟ್ಟಿದ್ದು 1973ರಲ್ಲಿ. ಅವನು ಅಂಗಳ ಬಿಟ್ಟು ಹೋದ ಮೇಲೆ ಕಾಲಮ್ ಬಂತು. ಹದಿನಾಲ್ಕು ವರ್ಷ ಅವನು ತಡೆದಿದ್ದಕ್ಕೆಲ್ಲಾ ಲೆಕ್ಕವೇ ಇಲ್ಲ.

ನಾನು ಹೈಸ್ಕೂಲಲ್ಲಿ ಥ್ರೋಬಾಲ್ ಆಡ್ತಿದ್ದೆ. ನಿಮ್ಮಲ್ಲಿ ಒಂದಿಬ್ಬರಿಗೆ ನೆನಪಿರಬೋದು. ಈಗ ಅದನ್ನ ಮಗಳಿಗೆ ತೋರ್ಸೋಕೆ ಒಂದು ಚೀಟಿ ಕೂಡ ಇಲ್ಲ. ಇರ್ಲಿ ಬಿಡಿ.

ಮುಂದಿನ ಮ್ಯಾಚು ಶನಿವಾರ ಇತ್ತು. ಇದೊಂದಕ್ಕೆ ಹೋಗ್ಲಿ ಅಂತ ಮನೆಯವ್ರು ಒಪ್ಪಿದ್ರು. ನಾನೂ ಹೋಗ್ತೀನಿ ಅಂದೆ. ಹೋದ ವರ್ಷದ ಡೈರಿ ಪುಸ್ತಕದಲ್ಲಿ ಹಿಂದುಗಡೆ ಹಾಳೆ ಖಾಲಿ ಇತ್ತು. ಅದರಲ್ಲಿ ಸ್ಕೇಲಿಟ್ಟು ಗೆರೆ ಎಳ್ಕೊಂಡೆ. ಪಾಯಿಂಟು, ಹಿಡಿದಿದ್ದು, ಕೊಟ್ಟಿದ್ದು, ಕಿತ್ಕೊಂಡಿದ್ದು, ತಡೆದಿದ್ದು, ಫೌಲು. ಗೂಡಿನ ಚೀಲ ಎಣಿಸೋ ಹಂಗೆ ನಾಲ್ಕು ಉದ್ದ ಗೆರೆ, ಐದನೇದು ಅಡ್ಡ. ಮಗಳ ಹತ್ರ ಒಂದು ಮಾತೂ ಹೇಳ್ಲಿಲ್ಲ.

ಅಬ್ಬಾ, ಆ ಕೆಲಸ ಎಷ್ಟು ಕಷ್ಟ ಗೊತ್ತಾ! ಹತ್ತತ್ತು ನಿಮಿಷದ್ದು ನಾಲ್ಕು ಕ್ವಾರ್ಟರು. ಒಂದು ಗೆರೆ ಹಾಕಿ ತಲೆ ಎತ್ತೋವಷ್ಟರಲ್ಲಿ ಬಾಲು ಆ ಕಡೆಗೆ ಹೋಗಿರ್ತದೆ. ಪಕ್ಕದಲ್ಲಿ ಕೂತಿದ್ದ ಹುಡುಗೀರು, "ಆಂಟಿ, ನೀವು ಪೇಪರ್‌ನೋರಾ?" ಅಂತ ಕೇಳಿದ್ರು. ಹ್ಞೂಂ ಅಂದ್ಬಿಟ್ಟೆ.

ಮೂರನೇ ಕ್ವಾರ್ಟರಲ್ಲಿ ಮಗಳಿಗೆ ನಾಲ್ಕನೇ ಫೌಲ್ ಬಿತ್ತು. ಐದಾದ್ರೆ ಆಟದಿಂದಲೇ ಆಚೆ. ಅದಕ್ಕೆ ಮೇಷ್ಟ್ರು ಕರೆದು ಬೆಂಚಲ್ಲಿ ಕೂರಿಸಿದ್ರು. ಆರು ನಿಮಿಷ ಕೂತಿದ್ಲು. ಆವಾಗ ನಂಗೆ ಬಾಕ್ಸ್ ಸ್ಕೋರಿನ ಒಂದು ವಿಚಿತ್ರ ಕಾಲಮ್ ನೆನಪಾಯ್ತು, ಪ್ಲಸ್ ಮೈನಸ್ ಅಂತ. ಒಬ್ಬ ಆಟಗಾರ ಅಂಗಳದಲ್ಲಿ ಇರೋ ಹೊತ್ತಲ್ಲಿ ಅವನ ಟೀಮು ಎಷ್ಟು ಹಾಕ್ತು, ಎದುರಿನೋರು ಎಷ್ಟು ಹಾಕಿದ್ರು, ಎರಡರ ವ್ಯತ್ಯಾಸ. ಅವನು ಬಾಲು ಮುಟ್ಟಿದ್ನೋ ಇಲ್ವೋ ಅದು ಬೇಡ. ಹ್ಯೂಸ್ಟನ್ ರಾಕೆಟ್ಸಲ್ಲಿ ಶೇನ್ ಬ್ಯಾಟಿಯರ್ ಅಂತ ಒಬ್ಬ ಇದ್ನಂತೆ. ಬೇರೆ ಯಾವ ಕಾಲಮ್ಮಲ್ಲೂ ಹೇಳ್ಕೊಳ್ಳೋ ಹಂಗೆ ಇಲ್ಲ, ಆದ್ರೆ ಅವನಿದ್ರೆ ಟೀಮು ಮೇಲೆ, ಇಲ್ದಿದ್ರೆ ಕೆಳಗೆ. 2009ರಲ್ಲಿ ಮೈಕೇಲ್ ಲೂಯಿಸ್ ಅನ್ನೋ ಲೇಖಕ ಇವನ ಮೇಲೇ ನ್ಯೂಯಾರ್ಕ್ ಟೈಮ್ಸಿನ ಮ್ಯಾಗಜೀನಲ್ಲಿ ಉದ್ದದ ಲೇಖನ ಬರೆದ.

ಅದಕ್ಕೆ ಅವಳು ಕೂತಾಗ ಒಂದು ಗೆರೆ, ಎದ್ದಾಗ ಒಂದು ಗೆರೆ ಎಳೆದು, ಬೋರ್ಡಲ್ಲಿದ್ದ ಅಂಕಿ ಬರ್ಕೊಂಡೆ. ಆ ಆರು ನಿಮಿಷದಲ್ಲಿ ನಮ್ಮೋರು 2, ಎದುರಿನೋರು 11.

ಕೊನೇಲಿ ಸೋತ್ರು. 41ಕ್ಕೆ 38. ಮಗಳು ಹಾಕಿದ್ದು ನಾಲ್ಕು ಪಾಯಿಂಟು.

ಬಸ್ಸಲ್ಲಿ ಅವಳು ಕಿಟಕಿ ಕಡೆ ಮುಖ ಮಾಡ್ಕೊಂಡಿದ್ಲು. "ಇನ್ನು ಮುಗೀತು ಅಲ್ವಾಮ್ಮ" ಅಂದ್ಲು. ನಾನು ಪುಸ್ತಕ ಬ್ಯಾಗಿಂದ ತೆಗೀಲಿಲ್ಲ. ಮೊದ್ಲು ಇವಳಿಗೆ ತೋರ್ಸಿದ್ರೆ ನಾನು ಇವಳ ಪಕ್ಷ ಅಂತ ಆಗ್ತದೆ.

ಊಟ ಆದ ಮೇಲೆ ಮನೆಯವ್ರ ಮುಂದೆ ಇಟ್ಟೆ. ನಾಲ್ಕು ಪಾಯಿಂಟು, ಹಿಡಿದಿದ್ದು ಹನ್ನೊಂದು, ಕೊಟ್ಟಿದ್ದು ಐದು, ಕಿತ್ಕೊಂಡಿದ್ದು ಆರು. ಕೆಳಗೆ ಬೇರೆ ಲೆಕ್ಕ: ಅವಳು ಕೂತಿದ್ದಾಗ 2ಕ್ಕೆ 11. ಅವಳು ಆಡ್ತಿದ್ದಾಗ 36ಕ್ಕೆ 30. "ಇವಳಿದ್ದಾಗ ಆರು ಲಾಭ, ಇಲ್ದಾಗ ಒಂಬತ್ತು ನಷ್ಟ, ಒಟ್ಟು ಮೂರಲ್ಲಿ ಸೋಲು. ನೀವೇ ಕೂಡಿಸಿ ನೋಡಿ" ಅಂದೆ. ಹೇಳೋವಾಗ ಧ್ವನಿ ನಡುಗ್ತು. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯನ ಮುಂದೆ ಲೆಕ್ಕ ಹಿಡ್ಕೊಂಡು ಕೂತಿದ್ದು ಅದೇ ಮೊದಲು.

ಅವ್ರು ಕನ್ನಡಕ ಹಾಕ್ಕೊಂಡ್ರು. ಬೆರಳಿಟ್ಟು ಒಂದೊಂದೇ ಸಾಲು ಓದಿದ್ರು. ಬಹಳ ಹೊತ್ತು ಆಯ್ತು. ಮಗಳು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ಲು.

"ತಪ್ಪೈತೆ" ಅಂದ್ರು.

ಎದೆ ಧಸಕ್ ಅಂತು.

"ಹುಡುಗೀರ ಪಾಯಿಂಟೆಲ್ಲಾ ಕೂಡಿಸಿದ್ರೆ 36 ಬರ್ತದೆ. ಬೋರ್ಡಲ್ಲಿ 38 ಅಂತೀಯ. ಎರಡು ಎಲ್ಲೋಯ್ತು?"

ನಿಜ. ಒಂದು ಬ್ಯಾಸ್ಕೆಟ್ಟು ನಾನು ಬಿಟ್ಟಿದ್ದೆ. ಮಗಳು ಬಗ್ಗಿ ಶೂ ದಾರ ಕಟ್ಕೊಳ್ತಿದ್ದಾಗ ಅವಳನ್ನೇ ನೋಡ್ತಾ ಇದ್ದೆ. ಅಷ್ಟರಲ್ಲಿ ಯಾರೋ ಹಾಕಿದ್ರು, ಎಲ್ಲಾ ಚಪ್ಪಾಳೆ ಹೊಡೆದ್ರು. ಯಾರು ಅಂತ ಗೊತ್ತಾಗ್ಲಿಲ್ಲ. ಮಗಳೇ ಬಾಗಿಲಿಂದ, "ಅದು ನಮ್ಮ ಕ್ಯಾಪ್ಟನ್ ಹಾಕಿದ್ದು" ಅಂದ್ಲು. ಅವ್ರು ಪೆನ್ನು ತಗೊಂಡು ಕ್ಯಾಪ್ಟನ್ ಸಾಲಲ್ಲಿ ತಿದ್ದಿದ್ರು.

ಆಮೇಲೆ ಇನ್ನೊಂದು ಕೇಳಿದ್ರು. "ಕಿತ್ಕೊಂಡಿದ್ದು ಬರ್ದಿದ್ದೀಯ. ಕಳ್ಕೊಂಡಿದ್ದು ಎಲ್ಲಿ?"

ನಾನು ಬೆಪ್ಪಾದೆ. ಟರ್ನೋವರ್ ಅನ್ನೋ ಕಾಲಮ್ಮು, ಅಂದ್ರೆ ಕೈಲಿದ್ದ ಬಾಲನ್ನ ಎದುರಿನೋರಿಗೆ ಬಿಟ್ಕೊಡೋದು, ಅಕ್ಕನ ಮಗ ಕಳಿಸಿದ ವಾರಿಯರ್ಸ್ ಹಾಳೇಲಿ ಇತ್ತು. ನಾನು ನೋಡಿದ್ದೆ. ಪುಸ್ತಕದಲ್ಲಿ ಗೆರೆ ಎಳೆಯೋವಾಗ ಬರೀಲಿಲ್ಲ. ಜಾಗ ಸಾಲ್ದು ಅಂತ ಬಿಟ್ಟೆ ಅಂದೆ. ಸುಳ್ಳು. ಇನ್ನೂ ಮೂರು ಕಾಲಮ್ ಹಿಡಿಯೋ ಜಾಗ ಇತ್ತು. ಎನ್‌ಬಿಎನೋರೂ ಅದನ್ನ 1977-78ರಿಂದಲೇ ಬರೆಯೋಕೆ ಶುರು ಮಾಡಿದ್ದು ಅಂತ ಹೇಳೋಣ ಅಂದ್ಕೊಂಡೆ, ನಾಲಿಗೆ ತನಕ ಬಂತು, ನುಂಗ್ಕೊಂಡೆ.

"ಏಳು" ಅಂದ್ಲು ಮಗಳು. "ಏಳು ಸಲ ಕಳ್ದೆ ಅಪ್ಪ. ಮೇಷ್ಟ್ರು ಅದನ್ನೇ ಬೈದಿದ್ದು."

ಅವ್ರು ಏಳು ಅಂತ ಬರೆದ್ರು. "ಆರು ಕಿತ್ಕೊಂಡಿದ್ದಾಳೆ, ಏಳು ಬಿಟ್ಕೊಟ್ಟಿದ್ದಾಳೆ. ಅಲ್ಲಿಗೆ ಒಂದು ಕೈಬಿಟ್ಟಂಗಾಯ್ತು."

ನಾನು ಅಕ್ಕನ ಮಗನಿಗೆ ಮೆಸೇಜ್ ಹಾಕ್ದೆ. ಅಲ್ಲಿ ಬೆಳಗಿನ ಹೊತ್ತು, ತಕ್ಷಣ ಉತ್ತರ ಬಂತು. ಕೇಟ್ಲಿನ್ ಕ್ಲಾರ್ಕ್ ಅಂತ ಹುಡುಗಿ, ಈಗ ಅಮೇರಿಕಾದ ಹೆಣ್ಮಕ್ಕಳ ಲೀಗಲ್ಲಿ ದೊಡ್ಡ ಹೆಸರು. 2024ರ ಮೇ 14ರಂದು ಅವಳ ಮೊದಲನೇ ಮ್ಯಾಚು. 20 ಪಾಯಿಂಟು ಹಾಕಿದ್ಲು, ಬಾಲು ಕಳ್ಕೊಂಡಿದ್ದು 10 ಸಲ. ಇಂಡಿಯಾನಾ ಫೀವರ್ 71, ಕನೆಕ್ಟಿಕಟ್ ಸನ್ 92. ಎರಡು ತಿಂಗಳು ಬಿಟ್ಟು ಜುಲೈ 17ಕ್ಕೆ ಅದೇ ಹುಡುಗಿ ಒಂದೇ ಆಟದಲ್ಲಿ 19 ಅಸಿಸ್ಟ್ ಕೊಟ್ಟು ಲೀಗಿನ ದಾಖಲೆ ಮಾಡಿದ್ಲು. ಅವತ್ತೂ ಟೀಮು ಸೋತಿತ್ತು, ಡಲ್ಲಾಸ್ ಮೇಲೆ 101ಕ್ಕೆ 93. ಓದಿ ಹೇಳ್ದೆ. ಮನೆಯವ್ರು, "ಹತ್ತಾ?" ಅಂತ ಮಾತ್ರ ಕೇಳಿದ್ರು.

"ನಮ್ಮ ದೇಶದೋರು ಆಡ್ತಾರಾ ಇದನ್ನ?" ಅಂದ್ರು ಅತ್ತೆ. ಅದಕ್ಕೆ ಮಗಳೇ ಉತ್ತರ ಕೊಟ್ಲು. 2017ರ ಜುಲೈನಲ್ಲಿ ಇಲ್ಲೇ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಹೆಣ್ಮಕ್ಕಳ ಏಷ್ಯಾ ಕಪ್ಪಿನ ಬಿ ಡಿವಿಷನ್ ನಡೀತು. ಫೈನಲಲ್ಲಿ ಕಜಕಸ್ತಾನದ ಮೇಲೆ 75ಕ್ಕೆ 73, ಎರಡೇ ಪಾಯಿಂಟಲ್ಲಿ ಇಂಡಿಯಾ ಗೆದ್ದು ಮೇಲಿನ ಡಿವಿಷನ್ನಿಗೆ ಹೋಯ್ತು. 2019ರಲ್ಲಿ ಅದೇ ಕಂಠೀರವದಲ್ಲಿ ದೊಡ್ಡ ಟೀಮುಗಳ ಜೊತೆ ಆಡಿ, ಒಂದೂ ಗೆಲ್ಲದೆ ಎಂಟಕ್ಕೆ ಎಂಟನೇ ಸ್ಥಾನ. ಸೋತಿದ್ದನ್ನೂ ಅವಳು ಮುಚ್ಚಿಡದೆ ಹೇಳಿದ್ಲು. ನನಗಿಂತ ಅವಳೇ ವಾಸಿ.

ಅವತ್ತು ಆಡ್ಲಿ ಅಂತ್ಲೂ ಬೇಡ ಅಂತ್ಲೂ ಅವ್ರು ಹೇಳ್ಲಿಲ್ಲ. ಪುಸ್ತಕ ಮುಚ್ಚಿ ಟಿ.ವಿ. ಮೇಲಿಟ್ಟು ಮಲಗಿದ್ರು. ನಾನು ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಲೆಕ್ಕ ತೋರ್ಸೋಕೆ ಹೋಗಿ ಏಳು ಸಲ ಕಳ್ಕೊಂಡಿದ್ದನ್ನೂ ಆಚೆ ತೆಗೆಸಿದ್ನಲ್ಲ ಅಂತ.

ಬೆಳಗ್ಗೆ ಹಾಲು ಕರೆದು ಬಂದು ನೋಡಿದ್ರೆ ಡೈರಿ ಪುಸ್ತಕ ಜಗಲಿ ಮೇಲಿತ್ತು. ಹೊಸ ಹಾಳೇಲಿ ಗೆರೆ ಎಳೆದಿದ್ರು, ನನ್ನದಕ್ಕಿಂತ ನೆಟ್ಟಗೆ. ನಾನು ಬರೆದಿದ್ದ ಕಾಲಮ್ಮೆಲ್ಲಾ ಹಂಗೇ ಇತ್ತು. ಕೊನೇಲಿ ಇನ್ನೊಂದು, ಅವ್ರ ಅಕ್ಷರದಲ್ಲಿ: ಕಳ್ಕೊಂಡಿದ್ದು. ಅದರ ಪಕ್ಕ ಕೂತಿದ್ದು, ಎದ್ದಿದ್ದು ಅಂತ ಸಣ್ಣ ಎರಡು ಮನೆ.

"ಒಬ್ಬಳ ಕೈಲಿ ಆಗಲ್ಲ ಇದು" ಅಂದ್ರು ಟೀ ಕುಡೀತಾ. "ನೀನು ನಮ್ಮ ಕಡೇದು ಬರಿ. ಎದುರಿನೋರದ್ದು ನಾನು ಬರೀತೀನಿ. ಮುಂದಿನ ಶನಿವಾರ ಎಷ್ಟೊತ್ತಿಗಂತೆ?"

ಹನ್ನೊಂದೂವರೆಗೆ. ಅವತ್ತು ವಿಜಯಪುರದ ಅತ್ತಿಗೆ ಮನೆಗೆ ಬರ್ತೀನಿ ಅಂದಿದ್ರು. ಅತ್ತಿಗೆ, ಮಧ್ಯಾಹ್ನ ಮೂರರ ಮೇಲೆ ಬನ್ನಿ, ಬೀಗ ಹಾಕಿರ್ತದೆ.